ಹಾರ್ನೆಸ್ ಕೊಳ್ಳುವ ಮುನ್ನ ಅದರಲ್ಲಿ ನೇತಾಡಿ ನೋಡಿ

ಮಾನ್ಯ ಸಂಪಾದಕರೇ,

ಬಂಡೆ ಹತ್ತುವವರು ಹಾರ್ನೆಸ್ (ಹಗ್ಗಕ್ಕೆ ಕಟ್ಟಿಕೊಳ್ಳಲು ಸೊಂಟಕ್ಕೂ ತೊಡೆಗೂ ತೊಡುವ ಪಟ್ಟಿಗಳ ಜೋಡಣೆ) ಆರಿಸಿಕೊಳ್ಳುವ ಬಗ್ಗೆ ನಿಮ್ಮ ಸಾಹಸ ಪುಟದಲ್ಲಿ ಬಂದ ಬರಹ ಓದಿದೆ. ‘ಹಗುರವಾದಷ್ಟೂ ಒಳ್ಳೆಯದು’ ಎಂಬ ಅದರ ಒಂದು ಸಾಲಿಗಾಗಿ ಈ ಪತ್ರ. ಬೆಳಿಗ್ಗೆ ಹತ್ತಿ ಮಧ್ಯಾಹ್ನ ಇಳಿಯುವವರಿಗೆ ಆ ಮಾತು ಸರಿ. ಆದರೆ ಬರಹದ ಜೊತೆಗಿದ್ದ ಚಿತ್ರ ಬಿಗ್ ವಾಲ್‌ನದು: ದಿನಗಟ್ಟಲೆ ಗೋಡೆಯ ಮೇಲೇ ಇದ್ದು, ಅಲ್ಲೇ ಉಂಡು, ಪೋರ್ಟಲೆಡ್ಜ್ ಎಂಬ ತೂಗುಮಂಚ ಕಟ್ಟಿಕೊಂಡು ಅಲ್ಲೇ ಮಲಗುವ ಆರೋಹಣ. ಅಂಥ ಗೋಡೆಗೆ ಹೊರಟವರು ಆ ಸಾಲು ನಂಬಿ ಹಾರ್ನೆಸ್ ಕೊಂಡರೆ ಏನಾಗುತ್ತದೆಂದು ನಾನು ಅನುಭವಿಸಿ ತಿಳಿದವಳು.

ಹೊಲಿಗೆ ನನ್ನ ಕಸುಬು. ಹದಿನೇಳು ವರ್ಷಗಳಿಂದ ಬಂಡೆ ಹತ್ತುತ್ತಿದ್ದೇನೆ. ಮೊದಲ ದೊಡ್ಡ ಗೋಡೆಗೆ ಹೋದಾಗ ತೊಟ್ಟದ್ದು ಮುನ್ನೂರು ಗ್ರಾಂ ಆಸುಪಾಸಿನ ತೆಳು ಹಾರ್ನೆಸ್. ಅಂಗಡಿಯ ಕನ್ನಡಿ ಮುಂದೆ ನಿಂತು, ಎರಡು ಸಲ ಕುಕ್ಕರುಗಾಲಲ್ಲಿ ಕೂತೆದ್ದು ಕೊಂಡದ್ದು. ತೊಟ್ಟಿದ್ದೇ ಗೊತ್ತಾಗದಷ್ಟು ಹಿತವಾಗಿತ್ತು. ಎರಡನೆಯ ದಿನ ಗೆಳತಿ ಮುಂದೆ ಹತ್ತುತ್ತಿದ್ದಳು. ಬೆರಳೂ ಹೋಗದ ಸಣ್ಣ ಬಿರುಕು. ಒಂದೊಂದೇ ಉಪಕರಣ ಸಿಕ್ಕಿಸಿ, ಅದಕ್ಕೆ ಪಟ್ಟಿಯ ಏಣಿ ನೇತುಹಾಕಿ, ಅದರ ಮೇಲೆ ನಿಂತು ಇನ್ನೊಂದನ್ನು ಸಿಕ್ಕಿಸುತ್ತ ಏರಬೇಕು. ನಾನು ಕೆಳಗೆ, ಕಾಲೂರಲು ಅಂಗೈಯಗಲ ಜಾಗವಿಲ್ಲದ ಕಡೆ, ನೇತಾಡಿಕೊಂಡೇ ಮೂರು ಗಂಟೆ ಬೀಲೆ ಕೊಟ್ಟೆ, ಅಂದರೆ ಅವಳು ಬಿದ್ದರೆ ತಡೆಯಲು ಅವಳ ಹಗ್ಗ ಹಿಡಿದಿದ್ದೆ.

ಅರ್ಧ ಗಂಟೆಗೆ ತೊಡೆಗೆ ಜೋಮು ಹಿಡಿಯಿತು. ಒಂದು ಗಂಟೆಗೆ ಸೊಂಟದ ಎರಡೂ ಮೂಳೆಗಳ ಮೇಲೆ ಪಟ್ಟಿ ಕೊರೆಯತೊಡಗಿತು. ಆಮೇಲೆ ನನ್ನ ಗಮನವೆಲ್ಲ ಹಗ್ಗ ಬಿಟ್ಟು ಆ ನೋವಿನ ಕಡೆಗೇ ಹರಿಯಿತು. ಹೊರಡುವ ಸರದಿ ಬಂದಾಗ, ಹಗ್ಗವನ್ನು ಕಚ್ಚಿ ಹಿಡಿದು ಏರಲು ನೆರವಾಗುವ ಜೂಮರ್‌ಗಳನ್ನು ಹಗ್ಗಕ್ಕೆ ಹಾಕಿ, ಅವುಗಳ ಪಟ್ಟಿಯನ್ನು ಹಾರ್ನೆಸ್‌ಗೆ ತೆರೆದು ಮುಚ್ಚುವ ಗೇಟಿನ ಲೋಹದ ಕೊಂಡಿಯಾದ ಕ್ಯಾರಾಬಿನರ್‌ನಿಂದ ಸೇರಿಸಿದೆ. ಇನ್ನೇನು ಭಾರ ಹಾಕಬೇಕು, ಆಗ ಕಣ್ಣಿಗೆ ಬಿತ್ತು: ಪಟ್ಟಿಯ ಅಂಚು ಗೇಟಿನ ನಡುವೆ ಸಿಕ್ಕಿತ್ತು, ಗೇಟು ಪೂರ್ತಿ ಮುಚ್ಚಿರಲಿಲ್ಲ. ಹಗ್ಗಕ್ಕೆ ಬೇರೆಯಾಗಿ ಗಂಟು ಹಾಕಿಕೊಂಡಿದ್ದರಿಂದ ಪ್ರಾಣಕ್ಕೆ ಕುತ್ತಿರಲಿಲ್ಲ. ಆದರೆ ಅಂಥ ತಪ್ಪು ನಾನು ಅದಕ್ಕೂ ಮೊದಲು ಮಾಡಿದವಳಲ್ಲ, ಆಮೇಲೂ ಮಾಡಿಲ್ಲ. ಹಾರ್ನೆಸ್ ಹಿತವಾಗಿರಬೇಕು ಅಂದರೆ ಸುಖ ಬೇಡುತ್ತಿದ್ದಾರೆ ಅಂದುಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಮೈ ನೋಯುತ್ತಿದ್ದರೆ ಕೈ ತಪ್ಪುತ್ತದೆ.

1958ರಲ್ಲಿ ಅಮೆರಿಕದ ಯೊಸೆಮಿಟಿಯ ಎಲ್ ಕ್ಯಾಪಿಟನ್ ಗೋಡೆಯನ್ನು ವಾರನ್ ಹಾರ್ಡಿಂಗ್ ತಂಡ ಮೊದಲ ಬಾರಿ ಹತ್ತಿದಾಗ ಇಂಥ ಹಾರ್ನೆಸ್ ಎಲ್ಲಿತ್ತು ಎಂದು ಕೇಳುವವರಿದ್ದಾರೆ. ಇರಲಿಲ್ಲ, ನಿಜ. ಆದರೆ ಇಲ್ಲದೆ ಪಟ್ಟ ಪಾಡು ಬಲ್ಲವರೇ ಮುಂದೆ ಅದನ್ನು ಮಾಡಿಸಿಕೊಂಡದ್ದು. 1970ರಲ್ಲಿ ಅನ್ನಪೂರ್ಣ ಪರ್ವತದ ದಕ್ಷಿಣ ಮುಖ ಹತ್ತಲು ಹೊರಟಾಗ ಬ್ರಿಟನ್ನಿನ ಆರೋಹಿ ಡಾನ್ ವಿಲನ್ಸ್ ರೂಪಿಸಿದ, ಸೊಂಟದ ಭಾರವನ್ನು ತೊಡೆಗೂ ಹಂಚುವ ಹಾರ್ನೆಸ್ ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ.

ಹಾಗಾದರೆ ಆರಿಸುವುದು ಹೇಗೆ? ನೇತಾಡಿ. ನಿಂತಾಗ ಹಾರ್ನೆಸ್ ನಮ್ಮ ಮೇಲಿರುತ್ತದೆ, ನೇತಾಡಿದಾಗ ನಾವು ಅದರ ಮೇಲಿರುತ್ತೇವೆ. ಎರಡೂ ಬೇರೆ ಬೇರೆ. ತೊಲೆಗೋ ಕೊಕ್ಕೆಗೋ ಹಗ್ಗ ಕಟ್ಟಿ, ಗೋಡೆಗೆ ಒಯ್ಯುವ ಸಾಮಾನನ್ನೆಲ್ಲ ಸಿಕ್ಕಿಸಿಕೊಂಡು, ಕಾಲು ನೆಲಕ್ಕೆ ತಾಗದಂತೆ ಇಪ್ಪತ್ತು ನಿಮಿಷ ಕೂರಬೇಕು. ಕಾಲಾಡಿಸುತ್ತಿರಬೇಕು, ಎಂಥ ಒಳ್ಳೆಯ ಹಾರ್ನೆಸ್ ಆದರೂ ಅಲುಗಾಡದೆ ನೇತಾಡುವುದು ಅಪಾಯ. ನಾನು ಈಗಿನದನ್ನು ಕೊಳ್ಳುವಾಗ ಮೂರರಲ್ಲಿ ಕೂತೆ. ಮೆತ್ತೆ ಎಲ್ಲಕ್ಕಿಂತ ದಪ್ಪವಾಗಿದ್ದುದೇ ಮೊದಲು ಸೋತಿತು.

ಅದಕ್ಕೆ ಕಾರಣ ಹೊಲಿಗೆಯಲ್ಲಿತ್ತು. ಮೆತ್ತೆ ಎಷ್ಟೇ ದಪ್ಪವಿರಲಿ, ಭಾರ ಹೊರುವ ಪಟ್ಟಿ ಅದರ ನಡುವೆ ಕಿರಿದಾಗಿ ಹಾದುಹೋಗಿದ್ದರೆ ಮೆತ್ತೆಯ ಅಂಚುಗಳು ಹೊರಕ್ಕೆ ತಿರುಗಿ, ನಡುವಿನ ಗೆರೆಯೊಂದೇ ಮೈಗೆ ಇಳಿಯುತ್ತದೆ. ಭಾರ ಅಗಲಕ್ಕೆ ಹರಡಬೇಕು. ಬೆರಳಿಂದ ಸೊಂಟಪಟ್ಟಿಯ ಒಳಬದಿ ಸವರಿ ನೋಡಿ. ಅಂಚಿನ ಗೋಟು ಗಟ್ಟಿಯಾಗಿ ಎದ್ದಿದ್ದರೆ ಅದು ಮೂರನೆಯ ದಿನ ಚರ್ಮ ಸುಲಿಯುತ್ತದೆ.

ಅಳತೆಯ ವಿಷಯದಲ್ಲಿ ಸೊಂಟಪಟ್ಟಿ ಸೊಂಟದ ಮೂಳೆಗಿಂತ ಮೇಲೆ ಕೂರಬೇಕು, ಎಳೆದರೂ ಕೆಳಗೆ ಜಾರಬಾರದು. ಇದನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಸೊಂಟಪಟ್ಟಿಗೂ ತೊಡೆಪಟ್ಟಿಗೂ ನಡುವಿನ ಅಂತರ. ಪ್ಯಾಂಟ್ ಹೊಲಿಯುವ ನಾವು ಅದನ್ನು ರೈಸ್ ಅನ್ನುತ್ತೇವೆ. ಅದು ಗಿಡ್ಡವಾದರೆ ತೊಡೆಪಟ್ಟಿ ಸಂದಿಗೆ ಒತ್ತುತ್ತದೆ. ಉದ್ದವಾದರೆ ತೊಡೆಗೆ ಹೋಗಬೇಕಾದ ಭಾರವೂ ಸೊಂಟದ ಮೇಲೇ ಬಿದ್ದು ಉಸಿರು ಕಟ್ಟಿದಂತಾಗುತ್ತದೆ. ಹೆಂಗಸರಿಗೆಂದು ಮಾಡಿದ ಹಾರ್ನೆಸ್‌ಗಳಲ್ಲಿ ಸಾಮಾನ್ಯವಾಗಿ ಈ ಅಂತರ ಹೆಚ್ಚು. ನನ್ನ ಮೊದಲ ಹಾರ್ನೆಸ್ ಗಂಡಸರದು, ನನಗೆ ಅದನ್ನು ಯಾರೂ ಹೇಳಿರಲಿಲ್ಲ.

ತೊಡೆಪಟ್ಟಿಗೆ ಬಕಲ್ ಇರಲೇಬೇಕು. ಚಳಿಗೆ ಇನ್ನೊಂದು ಪ್ಯಾಂಟ್ ಏರಿಸಿದರೆ ಸಡಿಲಿಸಬೇಕಲ್ಲ. ಹಿಂದಿನ ಎಲಾಸ್ಟಿಕ್ ಬಿಚ್ಚುವಂತಿದ್ದರೆ ಸೊಂಟಪಟ್ಟಿ ತೆಗೆಯದೆ ಶೌಚ ಮುಗಿಸಬಹುದು. ಇದನ್ನು ಬರೆಯಲು ಸಂಕೋಚಪಡುವವರು ಗೋಡೆಯ ಮೇಲೆ ನಾಲ್ಕು ದಿನ ಕಳೆದಿರಲಾರರು. ಸಾಮಾನು ಸಿಕ್ಕಿಸುವ ಗೇರ್ ಲೂಪ್‌ಗಳು ಎಷ್ಟಿದ್ದರೂ ಸಾಲದು, ಆದರೆ ಸಾಮಾನ್ಯವಾಗಿ ಅವು ಮನುಷ್ಯನ ಭಾರಕ್ಕೆ ಮಾಡಿದವಲ್ಲ. ಸಾಮಾನು ಎಳೆಯುವ ಹಗ್ಗ ಕಟ್ಟಲು ಹಿಂದೆ ಇರುವ ಹಾಲ್ ಲೂಪ್ ಎಷ್ಟು ಭಾರ ತಾಳುತ್ತದೆಂದು ತಯಾರಕರ ಚೀಟಿ ಓದಿಯೇ ನಂಬಿ. ಬೀಲೆಗೆ ಕೂರಲು ಪುಟ್ಟ ಮಣೆಯೊಂದನ್ನು ಒಯ್ದರೆ ತೊಡೆಗೆ ದೊಡ್ಡ ಉಪಕಾರ. ಹಾಗಂತ ಹಾರ್ನೆಸ್‌ನಿಂದ ಕಟ್ಟು ಬಿಚ್ಚುವಂತಿಲ್ಲ.

ಇನ್ನೊಂದು ಮಾತು. ಹಿತವಾದ ಹಾರ್ನೆಸ್ ಸವೆದರೂ ಬಿಡಲು ಮನಸ್ಸು ಬರುವುದಿಲ್ಲ. 2006ರಲ್ಲಿ ಯೊಸೆಮಿಟಿಯ ಲೀನಿಂಗ್ ಟವರ್‌ನಲ್ಲಿ ಟಾಡ್ ಸ್ಕಿನ್ನರ್‌ರಂಥ ಪಳಗಿದ ಆರೋಹಿ ಸತ್ತದ್ದು, ಸೊಂಟಪಟ್ಟಿಯನ್ನೂ ತೊಡೆಪಟ್ಟಿಯನ್ನೂ ಮುಂದೆ ಸೇರಿಸುವ ಬೀಲೆ ಲೂಪ್ ಸವೆದು ಹರಿದು. ಸಿಕ್ಕಿಸಿದ ಉಪಕರಣಕ್ಕೇ ಭಾರ ಹಾಕಿ ಏರುವ ಏಡ್ ಆರೋಹಣದಲ್ಲಿ ಆ ಲೂಪ್‌ಗೆ ಬೀಳುವ ತಿಕ್ಕಾಟ ಹೆಚ್ಚು. ನೂಲು ಎದ್ದದ್ದು, ಹೊಲಿಗೆಯ ದಾರ ಜುಂಗಾದದ್ದು ಕಂಡರೆ ನಾನು ದುರಸ್ತಿ ಮಾಡುವುದಿಲ್ಲ. ಸೂಜಿ ಹಿಡಿದು ಬದುಕುವ ನಾನೇ ಮಾಡುವುದಿಲ್ಲ. ಬೇರೆ ಯಾರ ಕೈಯಲ್ಲೂ ಮತ್ತೆ ಬಳಕೆಯಾಗದಂತೆ ಕತ್ತರಿಸಿ ಎಸೆಯುತ್ತೇನೆ.

ಹಾರ್ನೆಸ್ ಮಾರುವವರಲ್ಲಿ ನನ್ನದೊಂದು ಕೋರಿಕೆ: ಅಂಗಡಿಯಲ್ಲಿ ಭಾರ ತಾಳುವ ಒಂದು ಕೊಕ್ಕೆ ಹಾಕಿಸಿ, ಕೊಳ್ಳಲು ಬಂದವರನ್ನು ಇಪ್ಪತ್ತು ನಿಮಿಷ ಅವರ ಪಾಡಿಗೆ ನೇತಾಡಲು ಬಿಡಿ. ತರಬೇತಿ ಕೊಡುವವರು ತಮ್ಮಲ್ಲಿರುವ ನಾಲ್ಕಾರು ಅಳತೆಯ ಹಾರ್ನೆಸ್‌ಗಳನ್ನು ಹೊಸಬರಿಗೆ ಒಂದು ಮಧ್ಯಾಹ್ನ ಕೊಟ್ಟು ನೋಡಲಿ. ನೀವೂ ಮುಂದಿನ ಬಾರಿ ಗ್ರಾಂ ಲೆಕ್ಕದ ಪಕ್ಕದಲ್ಲಿ, ಬರೆದವರು ಅದರಲ್ಲಿ ಎಷ್ಟು ಹೊತ್ತು ನೇತಾಡಿ ನೋಡಿದರೆಂದೂ ದಯವಿಟ್ಟು ಅಚ್ಚು ಹಾಕಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಶಿಲಾರೋಹಿ