ಒಂದೇ ಕಿವಿ, ಒಂದೇ ಗಿಟಾರ್

ಮೊನ್ನೆ ಒಂದು ಸಣ್ಣ ಕೋಣೆಯಲ್ಲಿ ಗಿಟಾರ್ ಹಾಡಿನ ಕಾರ್ಯಕ್ರಮ ಕೇಳಿ ಬಂದೆ, ಈ ಬರಹ ಅದಕ್ಕೆ. ಮೊದಲ ಥ್ಯಾಂಕ್ಸ್ ಅವತ್ತು ಹಾಡಿದವರಿಗೆ. ಹೆಸರು ಬರೆಯುವುದಿಲ್ಲ, ಹೊಗಳಿದರೆ ಮುದುಡಿಕೊಳ್ಳುವ ಜೀವ ಅದು. ಬಂದಿದ್ದವರಿಗೆ ಯಾರೆಂದು ಗೊತ್ತು, ಸಾಕು.

ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಳೆದ ವರ್ಷ ಒಂದು ಬೆಳಿಗ್ಗೆ ಎದ್ದಾಗ ನನ್ನ ಬಲಗಿವಿ ಕೇಳಿಸುತ್ತಿರಲಿಲ್ಲ. ನೋವಿಲ್ಲ, ಏನಿಲ್ಲ. ದೂರದಲ್ಲಿ ಯಾವುದೋ ಮಿಷನ್ ಓಡುತ್ತಿರುವ ಹಾಗೆ ಗುಂಯ್ ಅನ್ನುವ ಸದ್ದು ಮಾತ್ರ. ಮೊದಲು ನೋಡಿದ ಡಾಕ್ಟರು ಶೀತ ಅಂದು ಕಳಿಸಿದರು. ಒಳಗಿವಿಗೇ ಪೆಟ್ಟಾಗಿದೆ ಎಂದು ಪರೀಕ್ಷೆಯಲ್ಲಿ ತಿಳಿಯುವ ಹೊತ್ತಿಗೆ ತಡವಾಗಿತ್ತು. ಇಂಥ ದಿಢೀರ್ ಕಿವುಡಿಗೆ ಸ್ಟೀರಾಯ್ಡ್ ಚಿಕಿತ್ಸೆ ಮೊದಲ 2 ವಾರದೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಬಹಳ ಜನರಲ್ಲಿ ಕಾರಣವೇ ಸಿಗುವುದಿಲ್ಲ. ನನ್ನದು ಸ್ವಲ್ಪ ಮರಳಿತು, ಅಷ್ಟೇ. (ನಿಮಗೆ ಯಾವತ್ತಾದರೂ ಹೀಗಾದರೆ ಅವತ್ತೇ ಇಎನ್‌ಟಿ ಹತ್ತಿರ ಓಡಿ. ನಾಳೆ ನೋಡೋಣ ಅನ್ನಬೇಡಿ.)

ಒಂದು ಕಿವಿ ಹೋದರೆ ಅರ್ಧ ಕೇಳಿಸುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಸದ್ದು ಒಂದು ಕಿವಿಗೆ ಕೂದಲೆಳೆಯಷ್ಟು ಮೊದಲು, ಸ್ವಲ್ಪ ಜೋರಾಗಿ ತಲುಪುತ್ತದೆ. ಆ ವ್ಯತ್ಯಾಸದಿಂದಲೇ ಅದು ಯಾವ ಕಡೆಯದು ಎಂದು ಮಿದುಳು ಲೆಕ್ಕ ಹಾಕುವುದು. ಒಂದೇ ಕಿವಿಯಾದರೆ ಆ ಲೆಕ್ಕ ತಪ್ಪುತ್ತದೆ. ರಸ್ತೆ ದಾಟುವಾಗ ಹಾರ್ನ್ ಎಲ್ಲಿಂದ ಬಂತೋ ತಿಳಿಯುವುದಿಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಎಲ್ಲ ಕಲಸಿಹೋಗುತ್ತದೆ. ಸಂಗೀತವೂ ಅಷ್ಟೇ. ಡ್ರಮ್ಸು, ಕೀಬೋರ್ಡು, ದನಿ, ಎಲ್ಲ ಒಂದೇ ರಾಶಿ. ಹಾಡು ಕೇಳುವುದನ್ನೇ ಬಿಟ್ಟಿದ್ದೆ.

ಹಾಗಾಗಿ ಎರಡನೇ ಥ್ಯಾಂಕ್ಸ್ ಗೆಳತಿಗೆ. ಹೇಳದೇ ಕೇಳದೇ ಟಿಕೆಟ್ ತೆಗೆದು, “ಬಾಗಿಲ ಹತ್ರಾನೇ ಕೂರೋಣ, ಬೇಡ ಅನ್ಸಿದ್ರೆ ಎದ್ದು ಬರೋಣ” ಅಂದಳು.

ಸಣ್ಣ ಕೋಣೆ. ವೇದಿಕೆ ಅಂತ ಏನೂ ಇಲ್ಲ, ಒಂದು ಸ್ಟೂಲು, ಒಂದು ಮೈಕು. ತಮ್ಮದೇ ಹಾಡು, ತಮ್ಮದೇ ಗಿಟಾರು. ಮೊದಲ ಹಾಡಿನಲ್ಲೇ ನಾನು ನೆಟ್ಟಗೆ ಕೂತೆ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದೇ ಸಮನೆ ನಡೆಯುತ್ತಿತ್ತು, ಉಳಿದ ಬೆರಳುಗಳು ತೆಳು ತಂತಿಗಳಲ್ಲಿ ರಾಗ ಹೆಕ್ಕುತ್ತಿದ್ದವು. ಎರಡೂ ನನಗೆ ಬೇರೆ ಬೇರೆ ಕೇಳಿಸಿದವು! ಬೆರಳು ತಂತಿ ಮೇಲೆ ಜಾರಿದಾಗಿನ ಕಿರ್ರು, ಸಾಲಿಗೆ ಮುಂಚೆ ಎಳೆದುಕೊಂಡ ಉಸಿರು, ಅವೂ. ಅಲ್ಲಿ ಎಲ್ಲ ಸದ್ದೂ ಬರುತ್ತಿದ್ದದ್ದು ಒಂದೇ ಕಡೆಯಿಂದ. ಎರಡು ಕಿವಿಯವರಿಗೂ ಅಷ್ಟೇ, ನನಗೂ ಅಷ್ಟೇ.

ಹಾಡು ಹಾಡಿನ ನಡುವೆ ತಂತಿ ಸಡಿಲಿಸುತ್ತಾ, ಬಿಗಿಯುತ್ತಾ ಕಥೆ ಹೇಳಿದರು. ಕೆನಡಾದ ಹಾಡುಗಾರ್ತಿ ಜೋನಿ ಮಿಚೆಲ್‌ಗೆ 9ನೇ ವಯಸ್ಸಿನಲ್ಲಿ ಪೋಲಿಯೊ ಬಂದು ಎಡಗೈ ಬಲ ಕುಗ್ಗಿತ್ತಂತೆ. ಕಷ್ಟದ ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಲಾಗದೆ ತಂತಿಗಳನ್ನೇ ಬೇರೆ ಸ್ವರಗಳಿಗೆ ಕಟ್ಟಿಕೊಂಡರು. ಅಮೆರಿಕದ ಜಾನಪದ ಗಿಟಾರ್ ವಾದಕಿ ಎಲಿಜಬೆತ್ ಕಾಟನ್ ಎಡಚರು. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದರು, ತೆಳು ತಂತಿಗಳು ಮೇಲಾಗಿ ರಾಗ ಹೆಬ್ಬೆರಳಿನ ಪಾಲಾಯಿತು. ನನ್ನ ಕಿವಿಗೂ ಇದಕ್ಕೂ ಏನು ಸಂಬಂಧ? ಏನಿಲ್ಲ. ಸುಮ್ನೆ ಖುಷಿಯಾಯಿತು.

ಸೌಂಡ್ ನೋಡಿಕೊಂಡವರಿಗೆ, ವಾಲ್ಯೂಮ್ ಏರಿಸುವ ಆಸೆ ತಡೆದುಕೊಂಡಿದ್ದಕ್ಕೆ, ಥ್ಯಾಂಕ್ಸ್. ಇದು ಸಣ್ಣ ಕೆಲಸವಲ್ಲ. ನನ್ನ ಒಳ್ಳೆಯ ಕಿವಿ ಹಾಡಿನ ಕಡೆಗಿರಲೆಂದು ಬಲತುದಿಯ ಕುರ್ಚಿ ಬಿಟ್ಟುಕೊಟ್ಟ ಅಪರಿಚಿತರಿಗೂ. ಕೊನೆಯ ಹಾಡನ್ನು ಗಿಟಾರಿನವರು ಮೈಕ್ ಬಿಟ್ಟು ಎದ್ದು ಬಂದು ಹಾಡಿದಾಗ ಒಂದು ಫೋನೂ ಮೇಲೇಳಲಿಲ್ಲ. ಆ ಸಭೆಗೂ.

ಮುಗಿದ ಮೇಲೆ ಹಾಡಿದವರ ಹತ್ತಿರ ಹೋಗಿ ನನ್ನ ಕಥೆ ಹೇಳಿದೆ. ಅಯ್ಯೋ ಪಾಪ ಅನ್ನಲಿಲ್ಲ. “ಯಾವ ಕಿವಿ?” ಅಂತ ಕೇಳಿದರು. ಹೇಳಿದೆ. ತಟ್ಟನೆ ನನ್ನ ಎಡಕ್ಕೆ ಬಂದು ನಿಂತು ಮಾತು ಮುಂದುವರಿಸಿದರು. ಕಿವಿ ಕೆಟ್ಟಾಗಿನಿಂದ ಯಾರೂ ಹಾಗೆ ಕೇಳಿರಲಿಲ್ಲ. ಜೋರಾಗಿ ಮಾತಾಡುವವರೇ ಜಾಸ್ತಿ.

ಪವಾಡವೇನೂ ಆಗಿಲ್ಲ. ದೊಡ್ಡ ಬ್ಯಾಂಡು ಈಗಲೂ ರಾಶಿಯೇ. ಆದರೆ ಮನೆಯಲ್ಲಿ ಮತ್ತೆ ಹಾಡು ಹಾಕುತ್ತಿದ್ದೇನೆ, ಒಂದು ದನಿ, ಒಂದು ವಾದ್ಯ ಇರುವಂಥವು. ನಿಮಗೆ ಗೊತ್ತಿರುವಂಥವು ಇದ್ದರೆ ಹೇಳಿ. ಇಂಥ ಸಣ್ಣ ಕೋಣೆಯ ಕಾರ್ಯಕ್ರಮ ಎಲ್ಲಿ ನಡೆದರೂ ತಿಳಿಸಿ, ಈ ಸಲ ಗೆಳತಿಯ ಟಿಕೆಟೂ ನನ್ನದೇ.