ಗುಣ ಎಲ್ಲಿ ಸೋರುತ್ತದೆ ಎಂಬುದನ್ನೂ ಕಲಿಸಿ

ಮಾನ್ಯರೆ,

ಸಜ್ಜನರ ಲಕ್ಷಣ ಎಂದರೆ ನಮ್ಮ ಶಾಲೆಗಳಲ್ಲಿ, ಪ್ರವಚನಗಳಲ್ಲಿ ಹೆಸರುಗಳನ್ನು ಒಪ್ಪಿಸುವುದೇ ಆಗಿದೆ. ಭಗವದ್ಗೀತೆಯ 16ನೇ ಅಧ್ಯಾಯದ ಮೊದಲ ಮೂರು ಶ್ಲೋಕಗಳಲ್ಲಿ ಅಭಯದಿಂದ ಹಿಡಿದು ನಾತಿಮಾನಿತೆಯವರೆಗೆ 26 ದೈವೀಗುಣಗಳಿವೆ. ಮಕ್ಕಳು ಬಾಯಿಪಾಠ ಮಾಡಿ ಬಹುಮಾನ ತರುತ್ತಾರೆ. ಅದೇ ಗುಣ ಅಂಗಡಿಯಲ್ಲಿ, ತೋಟದಲ್ಲಿ ಯಾವ ಸಂದಿನಿಂದ ಸೋರಿಹೋಗುತ್ತದೆ ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಶ್ರವಣಬೆಳಗೊಳ ಇರುವ ಹಾಸನ ಜಿಲ್ಲೆಯಲ್ಲೇ ಹೀಗಾದರೆ ಹೇಗೆ?

ಜೈನರ ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯ ಗೃಹಸ್ಥರ ಒಂದೊಂದು ವ್ರತಕ್ಕೂ ಐದೈದು ಅತಿಚಾರ, ಅಂದರೆ ವ್ರತಕ್ಕೆ ತಗಲುವ ದೋಷಗಳನ್ನು ಹೇಳುತ್ತದೆ. ಅಸ್ತೇಯ, ಅಂದರೆ ಕದಿಯದಿರುವ ವ್ರತವನ್ನೇ ನೋಡಿ: ಕಳ್ಳತನಕ್ಕೆ ಕುಮ್ಮಕ್ಕು ಕೊಡುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ಕೊಡುವಾಗೊಂದು ಕೊಳ್ಳುವಾಗೊಂದು ತೂಕ ಇಡುವುದು, ಕಲಬೆರಕೆ. ಕೊನೆಯದಕ್ಕೆ ಅಲ್ಲಿ ‘ಪ್ರತಿರೂಪಕ ವ್ಯವಹಾರ’ ಎಂಬ ಹೆಸರು. ಕರಿಮೆಣಸಿಗೆ ಒಣಗಿಸಿದ ಪಪ್ಪಾಯಿ ಬೀಜ ಸೇರಿಸುವುದು ಇದೇ. ಕಾಫಿಪುಡಿಗೆ ಚಿಕೋರಿ ಬೆರೆಸುವುದೇ ದೋಷವಲ್ಲ. ಶೇ 49ರವರೆಗೆ ಕಾನೂನೂ ಒಪ್ಪುತ್ತದೆ, ಪೊಟ್ಟಣದ ಮೇಲೆ ಪ್ರಮಾಣ ನಮೂದಿಸಿರಬೇಕು ಅಷ್ಟೆ. ಚಿಕೋರಿ ಹಾಕಿಯೂ ‘ಶುದ್ಧ ಕಾಫಿ’ ಎಂದು ಮಾರಿದರೆ ಅಲ್ಲಿ ವ್ರತ ಕೆಟ್ಟಿತು.

ಸತ್ಯದ ಅತಿಚಾರಗಳು ಇನ್ನೂ ಸೂಕ್ಷ್ಮ. ತಪ್ಪು ದಾರಿ ಹೇಳಿಕೊಡುವುದು, ಗುಟ್ಟು ಬಯಲು ಮಾಡುವುದು, ಖೊಟ್ಟಿ ಪತ್ರ ಬರೆಯುವುದು ಎಲ್ಲರಿಗೂ ಗೊತ್ತಾಗುವಂಥವು. ‘ನ್ಯಾಸಾಪಹಾರ’, ಅಂದರೆ ನಂಬಿ ಇಟ್ಟದ್ದನ್ನು ನುಂಗುವುದು, ಹಾಗಲ್ಲ. ತೋಟದ ಆಳೊಬ್ಬ ಬಟವಾಡೆಯಲ್ಲಿ ಹತ್ತು ಸಾವಿರ ಉಳಿಸಿ ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಇಟ್ಟಿರುತ್ತಾನೆ. ಊರಿಗೆ ಹೊರಟಾಗ ಲೆಕ್ಕ ಮರೆತು, ‘ಸ್ವಾಮಿ, ನಂದು ಎಂಟು ಸಾವಿರ ಇತ್ತಲ್ವಾ?’ ಎನ್ನುತ್ತಾನೆ. ರೈಟರು ‘ಹೂಂ’ ಎಂದು ಎಂಟನ್ನು ಎಣಿಸಿ ಕೊಟ್ಟರೆ, ಆ ಒಂದು ‘ಹೂಂ’ ಅಸತ್ಯವೇ. ಸುಳ್ಳನ್ನು ಅವರು ಕಟ್ಟಲಿಲ್ಲ, ಎದುರಿನವನ ಮರೆವಿಗೆ ತಲೆಯಾಡಿಸಿದರು. ಸತ್ಯ ಎಂದರೆ ಸುಳ್ಳು ಹೇಳದಿರುವುದು ಎಂದಷ್ಟೇ ಕಲಿತ ಮಗುವಿಗೆ ಇದು ತಪ್ಪೆಂದು ಹೊಳೆಯುವುದೇ ಇಲ್ಲ.

ಇನ್ನು ‘ಇದ್ದದ್ದು ಇದ್ದ ಹಾಗೆ ಹೇಳ್ತೀನಿ’ ಎಂದು ಎದುರಿನವರ ಮನಸ್ಸು ಮುರಿಯುವವರು. ಗೀತೆಯ 17ನೇ ಅಧ್ಯಾಯ ವಾಕ್ತಪಸ್ಸಿನ ಮಾತಿಗೆ ಸತ್ಯವೊಂದೇ ಸಾಲದೆನ್ನುತ್ತದೆ. ಅದು ಉದ್ವೇಗ ತರಬಾರದು, ಪ್ರಿಯವಾಗಿರಬೇಕು, ಹಿತವೂ ಆಗಿರಬೇಕು.

ಕೆಡುವುದು ಒಮ್ಮೆಲೇ ಅಲ್ಲ. ಜೈನ ಆಚಾರ್ಯರು ನಾಲ್ಕು ಮೆಟ್ಟಿಲು ಗುರುತಿಸಿದ್ದಾರೆ. ಮನಸ್ಸು ಕದಡಿದರೆ ಅತಿಕ್ರಮ, ಶೀಲದ ಬೇಲಿ ದಾಟಿದರೆ ವ್ಯತಿಕ್ರಮ, ಕೈಹಾಕಿದರೆ ಅತಿಚಾರ, ಅದರಲ್ಲೇ ಮುಳುಗಿದರೆ ಅನಾಚಾರ. ಮೊದಲ ಮೆಟ್ಟಿಲಲ್ಲೇ ಹಿಡಿದುಕೊಂಡರೆ ತಿದ್ದಿಕೊಳ್ಳುವುದು ಸುಲಭ. ನಾವು ಮಕ್ಕಳನ್ನು ಗದರುವುದು ನಾಲ್ಕನೆಯದಕ್ಕೆ ಬಂದ ಮೇಲೆ.

ಆದ್ದರಿಂದ ಶಾಲೆಗಳಲ್ಲಿ ನೀತಿಪಾಠ ಮಾಡುವವರು 26 ಗುಣಗಳನ್ನು ಒಟ್ಟಿಗೆ ಹೇರದೆ, ತಿಂಗಳಿಗೆ ಒಂದನ್ನು ಅದರ ದೋಷಗಳ ಸಮೇತ ಎತ್ತಿಕೊಳ್ಳಲಿ. ರಾತ್ರಿ ಮಲಗುವ ಮುನ್ನ ಐದು ನಿಮಿಷ, ಇವತ್ತು ಯಾವ ದೋಷ ತಗಲಿತು ಎಂದು ಮಗು ತಾನೇ ನೆನೆಯಲಿ. ಜೈನರ ಪ್ರತಿಕ್ರಮಣ ಇದೇ ದಾರಿಯದು. ಯಾರ ವಸ್ತುವಾದರೂ ಉಳಿದಿದ್ದರೆ ಬೆಳಿಗ್ಗೆ ಹಿಂತಿರುಗಿಸಬೇಕು, ಬರೀ ಕ್ಷಮೆ ಕೇಳಿದರೆ ಸಾಲದು. ಮೊದಲ ತಿಂಗಳಿಗೆ ಅಸ್ತೇಯವೇ ಇರಲಿ. ಅಳತೆ, ತೂಕ, ಎಣಿಕೆ ಕಣ್ಣಿಗೆ ಕಾಣುತ್ತವೆ. ತಪ್ಪಿದ್ದು ಎಲ್ಲಿ ಎಂದು ಚಿಕ್ಕ ಮಕ್ಕಳೂ ಬೆರಳಿಟ್ಟು ತೋರಿಸಬಲ್ಲರು.

– ಓದುಗರು, ಚನ್ನರಾಯಪಟ್ಟಣ, ಹಾಸನ ಜಿಲ್ಲೆ