ಹರಿಕೆಯಲ್ಲಿ ನೀರು ಅಳೆಯುವಾಗ ಕೊಳೆಯನ್ನೂ ಅಳೆಯಿರಿ

ಮಾನ್ಯ ಕೇಂದ್ರ ಜಲಶಕ್ತಿ ಸಚಿವರಿಗೆ,

ನಮಸ್ಕಾರಗಳು. ರಾಜಸ್ಥಾನದ ಅನೂಪ್‌ಗಢದ ಹತ್ತಿರ, ಪಾಕಿಸ್ತಾನದ ಗಡಿಗೆ ಅಷ್ಟೇನೂ ದೂರವಲ್ಲದ ಒಂದು ಚಕ್‌ನ, ಅಂದರೆ ಕಾಲುವೆ ನೀರಿನ ಹಳ್ಳಿಯ, ಶಾಲೆಯಲ್ಲಿ ಒಂಬತ್ತು ವರ್ಷ ಪಾಠ ಹೇಳಿದವಳು ನಾನು. ಆ ಸೀಮೆಯಲ್ಲಿ ಊರಿನ ಹೆಸರೂ ಕಾಲುವೆಯ ಲೆಕ್ಕದ್ದೇ, ಒಂದು ಅಂಕಿ, ಜೊತೆಗೆರಡು ಅಕ್ಷರ. ಹತ್ತಿಗೆ, ಗೋಧಿಗೆ, ದನಕ್ಕೆ, ಅಡುಗೆಗೆ ಎಲ್ಲಕ್ಕೂ ಪಂಜಾಬಿನ ಹರಿಕೆ ಅಣೆಕಟ್ಟೆಯಿಂದ ಹೊರಟು ಬರುವ ಇಂದಿರಾ ಗಾಂಧಿ ಕಾಲುವೆಯೇ ಗತಿ. ಬೋರ್‌ವೆಲ್ ಕೊರೆದರೆ ಹೆಚ್ಚಿನ ಕಡೆ ಬರುವುದು ಉಪ್ಪುನೀರು.

ಬೇಸಿಗೆಯ ಹೊತ್ತಿಗೆ ರಿಪೇರಿಗೆಂದು ಕಾಲುವೆ ನಿಲ್ಲಿಸುತ್ತಾರೆ. ಜನ ಅದಕ್ಕೆ ನಹರ್‌ಬಂದಿ ಅನ್ನುತ್ತಾರೆ. ಡಿಗ್ಗಿಯಲ್ಲಿ, ಅಂದರೆ ನೀರು ಕೂಡಿಡುವ ಹೊಂಡದಲ್ಲಿ, ಇದ್ದಷ್ಟನ್ನೇ ಅಳೆದು ಬಳಸಿ ದಿನ ದೂಡಬೇಕು. ಒಂದು ವರ್ಷ ನಹರ್‌ಬಂದಿ ಮುಗಿದು ನಮ್ಮ ಡಿಗ್ಗಿಗೆ ಬಂದ ಮೊದಲ ನೀರು ಚಹಾ ಡಿಕಾಕ್ಷನ್ ಬಣ್ಣಕ್ಕಿತ್ತು. ಬಿಂದಿಗೆಯಲ್ಲಿ ಪಟಿಕ ತಿರುಗಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ತಳದಲ್ಲಿ ಎರಡು ಬೆರಳಿನಷ್ಟು ಕಪ್ಪು ಗಸಿ. ಮೇಲಿನ ನೀರು ತಿಳಿಯಾಗಿತ್ತು, ವಾಸನೆ ಮಾತ್ರ ಹೋಗಿರಲಿಲ್ಲ. ಮೂರನೇ ತರಗತಿಯ ಹುಡುಗಿಯೊಬ್ಬಳು ಲೋಟವನ್ನು ಬಾಯಿಯವರೆಗೆ ತಂದು ಹಾಗೇ ಕೆಳಗಿಟ್ಟಳು. ದೂರು ಕೊಡಲು ಹೋದ ಕಚೇರಿಯಲ್ಲಿ ಕೇಳಿಬಂದ ಮಾತು: ‘ನಿಮ್ಮ ಪಾಲಿನ ನೀರು ಬಂತಲ್ಲ, ಇನ್ನೇನು?’

ಆ ಮಾತು ಇವತ್ತಿಗೂ ನನಗೆ ಅರಗಿಲ್ಲ. 1981ರ ಒಪ್ಪಂದ ರಾವಿ-ಬಿಯಾಸ್ ನೀರಿನಲ್ಲಿ ರಾಜಸ್ಥಾನಕ್ಕೆ 86 ಲಕ್ಷ ಎಕರೆ-ಅಡಿ (ಒಂದು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ) ಪಾಲು ಹೇಳುತ್ತದೆ. ಜಗಳವಾಗುವುದೂ, ಮೀಟಿಂಗ್ ನಡೆಯುವುದೂ ಈ ಪ್ರಮಾಣದ ಮೇಲೆಯೇ. ಆ ನೀರಿನಲ್ಲಿ ಏನಿದೆ ಎಂದು ಅಲ್ಲಿ ಕೇಳುವವರಿಲ್ಲ.

ಏನಿದೆ ಎಂಬುದು ಗುಟ್ಟೇನಲ್ಲ. ಪಂಜಾಬಿನ ರೋಪರ್‌ನಲ್ಲಿ ಸತಲಜ್ ನದಿಯ ನೀರು ಕಾಲುವೆಗಳಿಗೆ ತಿರುಗಿದ ಮೇಲೆ ಬೇಸಿಗೆಯ ನದಿಯಲ್ಲಿ ಉಳಿಯುವುದು ಅತ್ಯಲ್ಪ. ಅದಕ್ಕೆ ಬುಡ್ಢಾ ನಾಲೆ ಎಂಬ ಹಳ್ಳ ಲುಧಿಯಾನದ ಚರಂಡಿಯನ್ನೂ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರನ್ನೂ, ಡೇರಿಗಳ ಸಗಣಿಯನ್ನೂ ತಂದು ಸುರಿಯುತ್ತದೆ. ಹರಿಕೆಯಲ್ಲಿ ಬಿಯಾಸ್ ಬಂದು ಕೂಡಿಕೊಂಡು ಆ ಕೊಳೆ ಸ್ವಲ್ಪ ತೆಳುವಾಗುತ್ತದೆ, ಅಷ್ಟೇ. 2018ರ ಮೇ ತಿಂಗಳಲ್ಲಿ ಸಕ್ಕರೆ ಕಾರ್ಖಾನೆಯೊಂದರ ಕಾಕಂಬಿ ಬಿಯಾಸ್‌ಗೇ ಸೇರಿ ರಾಶಿರಾಶಿ ಮೀನು ಸತ್ತವು. ಅದೇ ವರ್ಷ ನವೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪಂಜಾಬ್ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿತು. ಇಲ್ಲೊಂದು ಮಾತು ಹೇಳಲೇಬೇಕು: ಪಂಜಾಬಿನ ರೈತರನ್ನು ನಾನು ದೂರುತ್ತಿಲ್ಲ. ಬುಡ್ಢಾ ನಾಲೆಯ ದಡದ ಹಳ್ಳಿಗಳವರು ಆ ವಾಸನೆಯನ್ನು ನಮಗಿಂತ ಮೊದಲು ಉಂಡವರು.

ಬೇರೆ ಮರುಭೂಮಿಯ ಗಡಿಯಲ್ಲೂ ಹೀಗೇ ಆಗಿತ್ತು. 1944ರ ಒಪ್ಪಂದದಂತೆ ಅಮೆರಿಕ ಕೊಲರಾಡೊ ನದಿಯಿಂದ ಮೆಕ್ಸಿಕೋಗೆ ವರ್ಷಕ್ಕೆ 15 ಲಕ್ಷ ಎಕರೆ-ಅಡಿ ಕೊಡಬೇಕು. 1961ರಲ್ಲಿ ಆರಿಜೋನಾದ ಹೊಲಗಳಿಂದ ಬಸಿದ ಉಪ್ಪುನೀರು ನದಿಗೆ ಸೇರಿ ಮೆಕ್ಸಿಕಾಲಿ ಕಣಿವೆಯ ಬೆಳೆ ಹಾಳಾಯಿತು. ಅಲ್ಲಿನ ರೈತರು ಪಟ್ಟು ಬಿಡಲಿಲ್ಲ. 1973ರಲ್ಲಿ ಎರಡೂ ದೇಶಗಳು ನೀರಿನ ಉಪ್ಪಿಗೂ ಮಿತಿ ಬರೆದುಕೊಂಡವು. ಎರಡು ದೇಶಗಳಿಗೆ ಸಾಧ್ಯವಾದದ್ದು ಒಂದೇ ದೇಶದ ಎರಡು ರಾಜ್ಯಗಳಿಗೆ ಯಾಕಾಗದು?

ತಾವು ಎರಡೂ ರಾಜ್ಯಗಳನ್ನು ಒಟ್ಟಿಗೆ ಕೂರಿಸಿ, ಹರಿಕೆಯಲ್ಲೂ ರಾಜಸ್ಥಾನದ ಗಡಿಯಲ್ಲೂ ಎಷ್ಟು ಕೊಳೆ ಮೀರಿದರೆ ಕಾಲುವೆಯ ಗೇಟು ಇಳಿಸಿ ನೀರು ತಡೆಯಬೇಕು ಎಂಬುದನ್ನು ಬರಹದಲ್ಲಿ ನಿಗದಿ ಮಾಡಿಸಿ. ಪರೀಕ್ಷೆಯ ಫಲಿತಾಂಶ ಅಂದಂದೇ ಹಿಂದಿ, ಪಂಜಾಬಿಯಲ್ಲಿ ಜನರ ಮೊಬೈಲಿಗೆ ಬರಲಿ. ನಹರ್‌ಬಂದಿ ಮುಗಿದಾಗಿನ ಮೊದಲ ನೀರು ಕುಡಿಯುವ ನೀರಿನ ಡಿಗ್ಗಿಗಳಿಗೆ ಹೋಗದಂತೆ ಕಟ್ಟುನಿಟ್ಟಾಗಿ ತಡೆಯಿರಿ. ಇದಕ್ಕೆ ಹೊಸ ಅಣೆಕಟ್ಟು ಬೇಡ, ಡಿಗ್ಗಿಯ ತೂಬು ಕೆಲವು ದಿನ ಮುಚ್ಚಿಟ್ಟು ಅಷ್ಟು ದಿನ ಟ್ಯಾಂಕರ್ ಕಳಿಸಿದರೆ ಸಾಕು. ಇದೊಂದನ್ನು ಮುಂದಿನ ನಹರ್‌ಬಂದಿಯಲ್ಲೇ ಮಾಡಬಹುದು.

ಇತಿ,
ಅನೂಪ್‌ಗಢದ ಹಳ್ಳಿ ಶಾಲೆಯಲ್ಲಿದ್ದ ಒಬ್ಬ ಶಿಕ್ಷಕಿ